ಚವಳಿಕಾಯಿ ಅಂಟು ಗುಳಿಗಿಯನ್ನ ದೊಡ್ಡ ಕರುಳಿನ ತನಕ ಹೆಂಗ ಒಯ್ತದ?

(ಮೇಜಿನ ಮೇಲೆ ನೀರಿನ ಗ್ಲಾಸು. ಒಂದು ಪುಡಿ ಉಂಡಿ ನೀರಿಗೆ ಬೀಳುತ್ತದೆ.)

ನಮಸ್ಕಾರ್ರಿ, ರಾಯಚೂರಿನಿಂದ. ಸಿಂಧನೂರಿನ ವೀಕ್ಷಕರೊಬ್ಬರು ಕೇಳ್ಯಾರ: "ಗುಳಿಗಿ ಹೊಟ್ಟ್ಯಾಗೇ ಕರಗಿಹೋದ್ರ, ದೊಡ್ಡ ಕರುಳಿನ ಬ್ಯಾನಿಗೆ ಔಷಧ ಮುಟ್ಟೂದು ಹೆಂಗ?"

ಭಾರಿ ಪ್ರಶ್ನೆ. ಸಾದಾ ಗುಳಿಗಿಯ ಔಷಧ ಬಹಳಷ್ಟು ಸಣ್ಣ ಕರುಳಿನ್ಯಾಗೇ ರಕ್ತಕ್ಕ ಸೇರಿಬಿಡ್ತದ. ಅದನ್ನ ತಡೆದು ಮುಂದ ಒಯ್ಯಾಕ ಒಂದು ಪಾಲಿಮರ್ ಬೇಕು. ಇಲ್ಲಿ ಪಾಲಿಮರ್ ಅಂದ್ರ ಸಕ್ಕರಿ ಅಣುಗಳ ಉದ್ದನ ಸರ, ಇಷ್ಟು ಸಾಕು. ಅದು ನಮ್ಮ ಸಂತ್ಯಾಗಿನ ಚವಳಿಕಾಯ್ಯಾಗೇ ಅದ, ಬೆಂಗಳೂರಿನವರ ಗೋರಿಕಾಯಿ. ಬಲಿತ ಬೀಜದ ಅಂಟೇ ಗ್ವಾರ್ ಗಮ್.

ಈಗ ಜುಣಕಕ್ಕ ಬರೋಣ. ಕುದಿಯೋ ನೀರಿಗೆ ಕಡ್ಲಿಹಿಟ್ಟು ಒಮ್ಮೆಗೇ ಸುರುವಿದ್ರ ಏನಾಗ್ತದ? ಗಂಟು! ಹಿಸುಕಿದ್ರ ಮ್ಯಾಲ ಜಿಗಟು, ಒಳಗ ಒಣ ಹಿಟ್ಟು ಹಂಗೇ. ಹೊರಗಿನ ಪದರ ನೀರು ಕುಡದು ಉಬ್ಬಿ, ಒಳಗಿನ ಹಿಟ್ಟಿಗೆ ನೀರೇ ಬಿಡಂಗಿಲ್ಲ. ಇಂಥ ಗಂಟು ಕಂಡ್ರ ನಮ್ಮವ್ವ ನಮ್ಮಪ್ಪನ ಮನಿತನದ ತನಕ ಬೈತಿದ್ಲು. ಔಷಧ ಮಾಡೋರಿಗೆ ಬೇಕಾದ್ದು ಅದೇ ಗಂಟ್ರಿ! ಗ್ವಾರ್ ಗಮ್ಮಿಗೆ ಕುದಿಯೋ ನೀರೂ ಬ್ಯಾಡ, ತಣ್ಣೀರಿಗೇ ಗಂಟಾಗ್ತದ. ಅದನ್ನ ಕತ್ತರಿಸೋ ಕಿಣ್ವ ನಮ್ಮ ಜೀರ್ಣರಸದಾಗ ಇಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾದ ಹತ್ರ ಅದ, ಅವು ಅಲ್ಲಿ ಒಂದು ಗ್ರಾಮಿಗೆ ಸುಮಾರು 10,000 ಕೋಟಿ. ಅವು ಅಂಟು ತಿಂತಾವ, ಔಷಧ ಹೊರಗ ಬೀಳ್ತದ. ಬಿಟ್ಟಿ ಹಮಾಲರು. ಬಿಟ್ಟಿ ಅಂದ್ರೂ ಒಂದಿಷ್ಟು ಗ್ಯಾಸು ನಮ್ಮ ಲೆಕ್ಕಕ್ಕ.

ಆಮಶಂಕಿಗೆ ಕೊಡೋ ಮೆಟ್ರೋನಿಡಜೋಲ್ ಮ್ಯಾಲ ಈ ಪ್ರಯೋಗ ಆಗ್ಯಾವ. ಮೆಡಿಕಲ್ ಶಾಪಿಗೆ ಹೋಗಿ ಚವಳಿಕಾಯಿ ಗುಳಿಗಿ ಕೇಳಬ್ಯಾಡ್ರಿ, ನಗ್ತಾರ. ಅಲ್ಲಿನ ಗುಳಿಗ್ಯಾಗ ಈ ಅಂಟು ಇದ್ರೂ ಪುಡಿ ಹಿಡಿದಿಡೋ ಕೆಲಸಕ್ಕೇ ಹೆಚ್ಚು. ಗಮ್ ಪುಡಿ ಒಣದೇ ನುಂಗೂದಂತೂ ಬ್ಯಾಡೇ ಬ್ಯಾಡ. 1990ರ ಸುಮಾರಿಗೆ ಅಮೆರಿಕದಾಗ ತೂಕ ಇಳಿಸೋ ಗ್ವಾರ್ ಗುಳಿಗಿ ಅನ್ನನಾಳದಾಗೇ ಉಬ್ಬಿ ಸಿಕ್ಕೊಂಡಿದ್ವು.

ಟೈಮ್ ಆಯ್ತು, ಉಳಿದವು ಓಡ್ಕೊಂತ ಹೇಳ್ತೀನಿ. ಕಡಲಪಾಚಿಯ ಆಲ್ಜಿನೇಟ್ ಕ್ಯಾಲ್ಸಿಯಂ ನೀರಿಗೆ ಬಿದ್ರ ನೆನೆದ ಸಾಬೂದಾನಿಯಂಥ ಮಣಿ, ಅದರೊಳಗ ಔಷಧ. ಸಿಗಡಿ ಸಿಪ್ಪಿಯ ಕೈಟೋಸಾನ್ ಲೋಳೆಪದರಕ್ಕ ಅಂಟ್ಕೊತದ. ಹುಣಸಿ ಬೀಜದ ಅಂಟು ಕಣ್ಣಿನ ಡ್ರಾಪ್ಸಿಗೂ ಹೋಗ್ತದ.

ಅಯ್ಯ, ಗ್ಲಾಸು ಮರ್ತೇಬಿಟ್ಟೆ! ಆ ಉಂಡಿ ಗ್ವಾರ್ ಗಮ್ಮಿಂದೇ, ನಡುವ ಕುಂಕುಮ ಇಟ್ಟೀನಿ. ನೀರಿಗೆ ಕೆಂಪು ಬಂದಿಲ್ಲ, ನೋಡ್ರಿ.

(ಚಮಚದಿಂದ ಸೀಳುತ್ತಾ)

ಮ್ಯಾಲ ಲೋಳೆ... ಕುಂಕುಮ ಇನ್ನೂ ಒಣದು.