ನಾಲ್ಕಾಣೆ ಮೇಲಿನ ಆಂಟಿ ಈಡಿತ್

ಕೇಳ್ತಾ ಇರೋ ಎಲ್ರಿಗೂ ನಮಸ್ಕಾರ. ಅಡುಗೆಮನೇಲಿ ರೇಡಿಯೋ ಹಾಕ್ಕೊಂಡು ಕೆಲ್ಸ ಮಾಡ್ತಿರೋ ಅಮ್ಮಂದಿರು, ಸ್ಕೂಲಿಂದ ಈಗಷ್ಟೇ ಬಂದು ಕೂತಿರೋ ಟೀಚರ್‌ಗಳು, ನೀವು ಸ್ವಲ್ಪ ಜಾಸ್ತಿ ಗಮನ ಕೊಟ್ಟು ಕೇಳಿ, ಯಾಕಂದ್ರೆ ಇದು ನಿಮ್ಮಂಥವರೇ ಒಬ್ರ ಕಥೆ. ಈಗ ಅಮೆರಿಕಾಕ್ಕೆ ಸೇರಿರೋ ಹವಾಯಿ ದ್ವೀಪದ ಈಡಿತ್ ಕನಕಓಲೆ. ಹೆಸರು ಕೇಳಿದ್ರೆ ನಮ್ಮ ಕನಕ, ನಮ್ಮ ಓಲೆ ಅನ್ಸುತ್ತೆ ಅಲ್ವಾ? ಸಂಬಂಧ ಏನಿಲ್ಲ, ಅಲ್ಲಿ ಕನಕ ಅಂದ್ರೆ ಮನುಷ್ಯ ಅಂತ. ಆದ್ರೆ ಹೆಸರು ನೆನಪಿಟ್ಕೊಳ್ಳೋಕೆ ಅನುಕೂಲ ಆಯ್ತು. ಅಲ್ಲಿನವರು ಅವರನ್ನ ಆಂಟಿ ಈಡಿತ್ ಅಂತಾರೆ. ದೊಡ್ಡವರನ್ನ ಆಂಟಿ ಅನ್ನೋದು ಅಲ್ಲೂ ಮರ್ಯಾದೆನೇ.

ಇವರ ಪರಿಚಯ ನನಗೆ ಆಗಿದ್ದು ಒಂದು ನಾಣ್ಯದಿಂದ. ಅಮೆರಿಕಾದಲ್ಲಿರೋ ನನ್ನ ತಂಗಿ ಮಗ ರಜಕ್ಕೆ ಬಂದಿದ್ದ, ಬ್ಯಾಗು ಕೊಡವಿ ಉಳಿದಿದ್ದ ಚಿಲ್ಲರೆನೆಲ್ಲಾ ಊಟದ ಟೇಬಲ್ ಮೇಲೆ ಸುರಿದು, "ತಗೋಳಿ ದೊಡ್ಡಮ್ಮ, ಮಕ್ಕಳಿಗೆ ಆಟಕ್ಕಾಗುತ್ತೆ" ಅಂದ. ಅದ್ರಲ್ಲಿ 25 ಸೆಂಟಿಂದು ಒಂದಿತ್ತು, ಅಂದ್ರೆ ಅವರ ಲೆಕ್ಕದ ನಾಲ್ಕಾಣೆ. ಒಂದು ಕಡೆ ವಾಷಿಂಗ್ಟನ್. ತಿರುಗಿಸಿದ್ರೆ ಒಬ್ಬ ಹೆಂಗಸಿನ ಮುಖ, ತಲೆ ಸುತ್ತ ಹೂವು ಎಲೆ ಕಟ್ಟಿದ ದಂಡೆ, ಇಳಿಬಿಟ್ಟ ಕೂದಲು. ಕೂದಲು ಎಲ್ಲಿವರೆಗೂ ಹೋಗಿದೆ ಅಂತ ನೋಡ್ತಾ ಹೋದ್ರೆ ಅದು ಮುಗಿಯೋದೇ ಇಲ್ಲ. ಪಂಚಾಂಗ ನೋಡೋ ಭೂತಗನ್ನಡಿ ತಂದು ನೋಡ್ದೆ. ಆ ಕೂದಲೇ ಮುಂದೆ ಹೋಗ್ತಾ ಅವರ ನಾಡಿನ ನೆಲ ಆಗ್ಬಿಟ್ಟಿದೆ ಕಣ್ರೀ! ಎಲ್ಲಿ ತಲೆ ಮುಗೀತು ಎಲ್ಲಿ ಊರು ಶುರುವಾಯ್ತು ಅಂತ ಗೆರೆ ಎಳೆಯೋಕೆ ಆಗಲ್ಲ. ಪಕ್ಕದಲ್ಲಿ ಇಂಗ್ಲಿಷ್ ಅಲ್ಲದ ಐದು ಪದ, "ಎ ಹೋ ಮಾಯ್ ಕಾ ಇಕೆ". ಯಾರಪ್ಪಾ ಇವರು ಅಂತ ಕೇಳಿದ್ರೆ ಅವನು "ಗೊತ್ತಿಲ್ಲ ದೊಡ್ಡಮ್ಮ, ದಿನಾ ಪಾರ್ಕಿಂಗಿಗೆ ಹಾಕ್ತೀವಿ" ಅಂದ. ನನಗೆ ಹೊಟ್ಟೆ ಉರೀತು ಅಂದ್ರೆ ಸುಳ್ಳಲ್ಲ. ಮೂವತ್ತು ವರ್ಷ ಜಾನಪದ ಪಾಠ ಮಾಡಿದವಳು ನಾನು, ನನಗೂ ಗೊತ್ತಿರ್ಲಿಲ್ಲವಲ್ಲಾ ಅಂತ ಅವತ್ತಿಂದಲೇ ಓದೋಕೆ ಕೂತೆ.

ಆ ನಾಣ್ಯ ಬಂದಿದ್ದು 2023ರಲ್ಲಿ. ಆ ಐದು ಪದ ಅವರೇ ಕಟ್ಟಿದ ಹಾಡಿನದು, "ಜ್ಞಾನ ಕೊಡಿ" ಅಂತ ಅರ್ಥ. ಮೇಲಿಂದ ನಮಗೆ ತಿಳಿವು ಬರ್ಲಿ, ಹಾಡುಗಳ ಒಳಗೆ ಬಚ್ಚಿಟ್ಟಿರೋ ಜಾಣ್ಮೆ ನಮಗೂ ಸಿಗ್ಲಿ ಅಂತ ಕೇಳ್ಕೊಳ್ಳೋದು. ಹಾಡುಗಳ ಒಳಗೆ! ಇದೊಂದೇ ನಾನು ಇವತ್ತು ಹೇಳ್ಬೇಕಾಗಿರೋದು. ಆಂಟಿ ಈಡಿತ್‌ಗೆ ಹಾಡು ಅಂದ್ರೆ ಪಾಠ, ಹಾಡೇ ಪಾಠಪುಸ್ತಕ.

ಅವರು ಹುಟ್ಟಿದ್ದು 1913ರಲ್ಲಿ, ಹೋನೊಮೂ ಅನ್ನೋ ಊರಲ್ಲಿ. ಅದಕ್ಕೂ ಇಪ್ಪತ್ತು ವರ್ಷ ಹಿಂದೆ, 1893ರಲ್ಲಿ, ಹವಾಯಿಯ ರಾಣೀನ ಸಿಂಹಾಸನದಿಂದ ಇಳಿಸಿದ್ರು. 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷಲ್ಲೇ ಪಾಠ ಅಂತ ಕಾನೂನು ಬಂತು. ತಾಯಿನುಡಿ ಆಡಿದ ಮಕ್ಕಳಿಗೆ ಶಾಲೇಲಿ ಶಿಕ್ಷೆ. ಮತ್ತೆ ಆ ಭಾಷೆ ಎಲ್ಲಿ ಉಳೀತು? ಮನೇಲಿ, ಅಮ್ಮನ ಬಾಯಲ್ಲಿ ಉಳೀತು. ಈಡಿತ್‌ಗೆ ಹುಲಾ, ಅಂದ್ರೆ ಹಾಡಿನ ಜೊತೆ ಕುಣಿಯೋ ಅವರ ನೃತ್ಯ, ಕಲಿಸಿದ್ದು ಅವರ ಅಮ್ಮ.

ಹುಲಾ ಅಂದ ತಕ್ಷಣ ಹೋಟೆಲಲ್ಲಿ ಹುಲ್ಲಿನ ಲಂಗ ಹಾಕ್ಕೊಂಡು ಸೊಂಟ ಆಡಿಸೋದು ನೆನಪಿಗೆ ಬಂತಾ? ದಯವಿಟ್ಟು ಅದನ್ನ ತಲೆಯಿಂದ ತೆಗೀರಿ. ಟೂರಿಸ್ಟ್‌ಗಳಿಗೆ ತೋರಿಸೋ ಡ್ಯಾನ್ಸ್ ಬೇರೆ. ಈ ಮನೆತನದ ಹುಲಾದಲ್ಲಿ ಮಂಡಿ ಬಗ್ಗಿಸಿ ನೆಲಕ್ಕೆ ಹತ್ತಿರ ಇದ್ಕೊಂಡು ಜೋರಾಗಿ ಕುಣೀತಾರೆ, ಹೊಟ್ಟೆಯೊಳಗಿಂದ ದನಿ ತೆಗೀತಾರೆ. ಅವರಿರೋದು ಜ್ವಾಲಾಮುಖಿ ಇರೋ ದ್ವೀಪ, ಪೆಲೆ ಅನ್ನೋ ಬೆಂಕಿ ದೇವತೆ ಕಥೆಗಳನ್ನ ಕುಣಿಯೋದು ಅಂದ್ರೆ ಹಾಗೇ ಇರ್ಬೇಕು. ತಾಳಕ್ಕೆ ಎರಡು ಸೋರೆಬುರುಡೆ ಜೋಡಿಸಿ ಮಾಡಿದ ವಾದ್ಯ. ಅಕ್ಷರ ಇಲ್ಲದ ಕಾಲದಲ್ಲಿ ಅವರ ವಂಶಾವಳಿ, ಗಾಳಿ ಮಳೆಗಳ ಹೆಸರು, ಎಲ್ಲಾ ಈ ಹಾಡುಗಳಲ್ಲೇ ಇತ್ತು.

ಈಡಿತ್‌ಗೆ ಆರು ಜನ ಮಕ್ಕಳು. 1946ರ ಹೊತ್ತಿಗೆ ಹಾಡು ಕಟ್ಟೋಕೆ ಶುರು ಮಾಡಿದ್ರು, 1953ರಲ್ಲಿ ಹಾಲಾವು ಓ ಕೆಕುಹಿ ಅಂತ ಹುಲಾ ಶಾಲೆ ತೆಗೆದ್ರು. 1971ರಿಂದ ಹಿಲೋ ಊರಿನ ಕಾಲೇಜಲ್ಲಿ, ಆಮೇಲೆ ಅಲ್ಲಿನ ಯೂನಿವರ್ಸಿಟೀಲಿ ಕೊನೇವರೆಗೂ ಪಾಠ. ಗಿಡಮೂಲಿಕೆ, ವಂಶಾವಳಿ, ಪುರಾಣ, ಮಂತ್ರದಂಥ ಹಾಡುಗಳು, ಎಲ್ಲಾ ಹೇಳ್ಕೊಟ್ರು. ಹೇಗೆ ಅಂತ ತಿಳ್ಕೊಳ್ಳೋಕೆ ಅವರ ಒಂದು ಹಾಡು ಸಾಕು. ಅದು ಸಮುದ್ರದಲ್ಲಿ ಬೆಳೆಯೋ ಪಾಚಿ ಮೇಲಿನ ಹಾಡು. ನಗ್ಬೇಡಿ, ಅದು ಅವರ ಊಟದ ಸೊಪ್ಪು, ಲಿಮು ಅಂತಾರೆ. ಲೀಪೋಆ ಅನ್ನೋದು ಘಮಘಮ ಅನ್ನುತ್ತೆ, ಅಲೆ ಅದನ್ನ ತಂದು ಹೊಳೆಯೋ ಮರಳ ಮೇಲೆ ಹಾಕುತ್ತೆ, ಬಿಸಿಲಿಗೆ ಆ ಮರಳು ಕಾಲು ಸುಡುತ್ತೆ, ಲಿಮುಕೋಹು ಬಂಡೆ ಮೇಲೆ ಕೆಂಪಗೆ ಓಲಾಡುತ್ತೆ. ಮಗು ಇದನ್ನ ಕುಣಿದು ಕಲ್ತ್ರೆ ಯಾವ ಸೊಪ್ಪು ಎಲ್ಲಿ ಸಿಗುತ್ತೆ, ಯಾವ ಬಣ್ಣ, ಯಾವ ವಾಸನೆ, ಎಲ್ಲಾ ಬಂದ್ಹಾಗೇ. ಹಾಡು ಅಂದ್ರೆ ಪಾಠ ಅಂದೆನಲ್ಲ, ಇದೇ ಅದು.

ಅಯ್ಯೋ, ಗಾಜಿನ ಆ ಕಡೆಯಿಂದ ಕೈ ತೋರಿಸ್ತಿದ್ದಾರೆ, ನಾಣ್ಯದ ಕಥೆಗೇ ಟೈಮ್ ಹೋಯ್ತು. ಬೇಗ ಹೇಳ್ತೀನಿ. ಹಿಲೋದ ಕೇಆವುಕಹಾ ಸರ್ಕಾರಿ ಶಾಲೇಲಿ ಹವಾಯಿ ಭಾಷೆ ಪಾಠ ಶುರುವಾಗೋಕೆ ಅವರ ಕೈ ಇತ್ತು. 1978ರಲ್ಲಿ ಹವಾಯಿ ಭಾಷೆ ಮತ್ತೆ ಅಧಿಕೃತ ಭಾಷೆ ಆಯ್ತು, ಅದನ್ನ ನೋಡಿ, ಮಾರನೇ ವರ್ಷ 1979ರ ಅಕ್ಟೋಬರ್‌ನಲ್ಲಿ ಆಂಟಿ ಈಡಿತ್ ತೀರಿಕೊಂಡ್ರು. ಅವರ ಹುಲಾ ಶಾಲೆ ನಿಲ್ಲಲಿಲ್ಲ. ಅವರ ಹೆಣ್ಣುಮಕ್ಕಳು ಪುವಲಾನಿ, ನಾಲಾನಿ ಮುಂದುವರಿಸಿದ್ರು, 1993ರಲ್ಲಿ ಜಾನಪದ ಕಲಾವಿದರಿಗೆ ಕೊಡೋ ಅಮೆರಿಕಾದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಇಬ್ರಿಗೂ ಒಟ್ಟಿಗೇ ಬಂತು. ಹಿಲೋದಲ್ಲಿ ವರ್ಷ ವರ್ಷ ದೊಡ್ಡ ಹುಲಾ ಸ್ಪರ್ಧೆ ನಡೆಯೋ ಸ್ಟೇಡಿಯಂಗೆ ಈ ತಾಯಿ ಹೆಸರೇ ಇಟ್ಟಿದ್ದಾರೆ.

ಇನ್ನೊಂದೇ ಮಾತು, ಇದನ್ನ ಬಿಟ್ರೆ ನನಗೆ ನಿದ್ದೆ ಬರಲ್ಲ. ಆ ನಾಣ್ಯದ ಮೇಲಿರೋ ಹಾಡನ್ನ ಅವರು ಕಟ್ಟಿದ್ದು ತಮ್ಮ ಶಿಷ್ಯರಿಗೋಸ್ಕರ, ಪಾಠ ಶುರುವಾಗೋ ಮುಂಚೆ ಹೇಳೋಕೆ. ಮೂರೇ ಸಾಲು. ಈಗ ಹವಾಯಿಯಲ್ಲಿ ಎಷ್ಟೋ ಶಾಲೆಗಳಲ್ಲಿ ಬೆಳಗ್ಗೆ ಮಕ್ಕಳು ಸಾಲಾಗಿ ನಿಂತು ಅದನ್ನ ಮೂರು ಸಲ ಹೇಳಿ ಆಮೇಲೆ ಕೂತ್ಕೋತಾರೆ. ಎ ಹೋ ಮಾಯ್, ಎ ಹೋ ಮಾಯ್, ಎ ಹೋ ಮಾಯ್ ಏ. ಕೊಡಿ, ಕೊಡಿ, ಕೊಡಿ.

ನಮಸ್ಕಾರ.