ಡಾಲ್ಫಿನ್ ಶೋ ಇಲ್ಲದ ಮುಂಬೈಯಲ್ಲಿ ಮಕ್ಕಳ ರಜೆ

ಕೇಳುಗರಿಗೆಲ್ಲ ನಮಸ್ಕಾರ.

ಕ್ರಿಸ್‌ಮಸ್ ರಜೆ ಬಂತು ಅಂದರೆ ಮುಂಬೈ ಕನ್ನಡಿಗರ ಮನೆಗಳಲ್ಲಿ ಎರಡು ಕೆಲಸ ಗ್ಯಾರಂಟಿ. ಊರಿಂದ ನೆಂಟರು ಬರುತ್ತಾರೆ, ಗಲ್ಫಿನಲ್ಲಿರುವ ನೆಂಟರು ವಿಡಿಯೋ ಕಾಲ್ ಮಾಡುತ್ತಾರೆ. ನಮ್ಮ ಕಾಂದಿವಲಿ ಮನೆಯಲ್ಲಿ ಎರಡೂ ಒಂದೇ ದಿನ ಆಯಿತು. ತಂಗಿಯ ಮಕ್ಕಳಿಬ್ಬರು ದಾವಣಗೆರೆಯಿಂದ ಬಂದು ಇನ್ನೂ ಬ್ಯಾಗ್ ಬಿಚ್ಚಿರಲಿಲ್ಲ, ಅಷ್ಟರಲ್ಲಿ ಅಬುಧಾಬಿಯಿಂದ ನನ್ನ ನಾದಿನಿಯ ಫೋನು. ಅವಳು ಮಕ್ಕಳನ್ನು ಕರೆದುಕೊಂಡು ಯಾಸ್ ದ್ವೀಪದ ಸೀವರ್ಲ್ಡ್‌ಗೆ ಹೋಗಿದ್ದಳು. 2023ರ ಮೇ ತಿಂಗಳಲ್ಲಿ ಶುರುವಾದ ಪಾರ್ಕ್ ಅದು. ಹೆಚ್ಚಿನದೆಲ್ಲ ಸೂರಿನಡಿಯಲ್ಲೇ, ತಣ್ಣಗೆ. ಅಲ್ಲಿನ ಒಂದೇ ಒಂದು ತೊಟ್ಟಿಯಲ್ಲಿ ಎರಡೂವರೆ ಕೋಟಿ ಲೀಟರ್ ನೀರಿದೆಯಂತೆ. ಪೆಂಗ್ವಿನ್ ಉಂಟು, ವಾಲ್‌ರಸ್ ಉಂಟು, ಡಾಲ್ಫಿನ್ ಉಂಟು. ಅಲ್ಲೂ ಶಾಲೆಗಳಿಗೆ ರಜೆ, ಹಾಗಾಗಿ ಫೋನಿನಲ್ಲಿ ನಮಗೆ ಕಂಡಿದ್ದು ಮುಕ್ಕಾಲು ಪಾಲು ಜನರ ತಲೆ, ಕಾಲು ಪಾಲು ಡಾಲ್ಫಿನ್. ಮಕ್ಕಳಿಗೆ ಅಷ್ಟು ಸಾಕಲ್ವಾ? "ದೊಡ್ಡಮ್ಮ, ಮುಂಬೈಯಲ್ಲಿ ಇದು ಎಲ್ಲಿದೆ?" ಅಂತ ಶುರು.

ಎಲ್ಲೂ ಇಲ್ಲ. ಮುಂಬೈಯಲ್ಲಿ ಮಾತ್ರ ಅಲ್ಲ, ಇಡೀ ದೇಶದಲ್ಲಿ ಡಾಲ್ಫಿನ್ ಶೋ ಇಲ್ಲ. ಇದಕ್ಕೆ ಕಾರಣ ಇದೆ, ಮಕ್ಕಳಿಗೆ ಹೇಳಿದರೆ ಅವರಿಗೂ ಅರ್ಥವಾಗುತ್ತದೆ. 1998ರಲ್ಲಿ ಚೆನ್ನೈ ಹತ್ತಿರದ ಒಂದು ಪಾರ್ಕ್‌ಗೆ ಬಲ್ಗೇರಿಯಾದಿಂದ ಡಾಲ್ಫಿನ್ ತರಿಸಿದ್ದರು. ಕೆಲವೇ ತಿಂಗಳಲ್ಲಿ ಅವು ಸತ್ತುಹೋದವು. ಆಮೇಲೆ ಕೊಚ್ಚಿಯಲ್ಲಿ ಮಾಡೋಣ, ಮಹಾರಾಷ್ಟ್ರದಲ್ಲಿ ಮಾಡೋಣ ಅಂತ ಮತ್ತೆ ಮಾತು ಎದ್ದಾಗ, 2013ರ ಮೇ ತಿಂಗಳಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಎಲ್ಲ ರಾಜ್ಯಗಳಿಗೂ ಸುತ್ತೋಲೆ ಕಳಿಸಿತು. ಮನರಂಜನೆಗಾಗಿ ಡಾಲ್ಫಿನ್ ಹಿಡಿದಿಡುವ ಯಾವ ಯೋಜನೆಗೂ ಒಪ್ಪಿಗೆ ಕೊಡಬೇಡಿ ಅಂತ. ನನಗೆ ಇದು ಸರಿ ಅನ್ನಿಸುತ್ತದೆ. ದಿನಕ್ಕೆ ಎಷ್ಟೋ ಮೈಲಿ ಈಜುವ ಪ್ರಾಣಿಯನ್ನು ತೊಟ್ಟಿಯಲ್ಲಿಟ್ಟು ಚೆಂಡು ಹೊಡೆಸೋದು ನನಗಂತೂ ಹಿಡಿಸುವುದಿಲ್ಲ. ಅಮೆರಿಕದ ಸೀವರ್ಲ್ಡ್ ಕೂಡ 2016ರಲ್ಲಿ ಓರ್ಕಾ ತಿಮಿಂಗಿಲಗಳ ಸಂತಾನ ಬೆಳೆಸುವುದನ್ನು ನಿಲ್ಲಿಸುತ್ತೇವೆ ಅಂತ ಹೇಳಿತು. ಅಬುಧಾಬಿಯ ಪಾರ್ಕಿನಲ್ಲೂ ಓರ್ಕಾ ಇಲ್ಲ.

ಆದರೆ ಒಂದು ವಿಷಯದಲ್ಲಿ ನನಗೆ ನಿಜವಾಗಿ ಬೇಜಾರಿದೆ. ಡಾಲ್ಫಿನ್ ಶೋ ಬೇಡ, ಸರಿ. ಮೂರು ಕಡೆ ನೀರಿರುವ ಈ ಊರಲ್ಲಿ, ಆ ನೀರಿನೊಳಗೆ ಏನಿದೆ ಅಂತ ಮಕ್ಕಳಿಗೆ ತೋರಿಸಲು ಒಂದು ಜಾಗ ಬೇಡವೇ? ಮರೀನ್ ಡ್ರೈವ್‌ನಲ್ಲಿ ತಾರಾಪೊರೆವಾಲಾ ಮತ್ಸ್ಯಾಲಯ ಇತ್ತು. 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಉದ್ಘಾಟಿಸಿದ್ದು. ಚರ್ನಿ ರೋಡ್‌ನಲ್ಲಿ ಇಳಿದು ನಡೆದರೆ ಸಿಗುತ್ತಿತ್ತು. 2015ರಲ್ಲಿ ಹೊಸದಾಗಿ ಮಾಡಿ, ತಲೆ ಮೇಲೆ ಮೀನು ಓಡಾಡುವ ಗಾಜಿನ ಸುರಂಗವನ್ನೂ ಇಟ್ಟರು. ಈಗ ಅದು ಮುಚ್ಚಿದೆ. ಉಳಿದಿದ್ದು ಭಾಯಖಳಾದ ರಾಣಿಬಾಗ್ ಮೃಗಾಲಯ. ಅಲ್ಲಿ ಹಂಬೋಲ್ಟ್ ಪೆಂಗ್ವಿನ್‌ಗಳಿವೆ, 2016ರಲ್ಲಿ ಸಿಯೋಲ್‌ನಿಂದ ಬಂದವು, 2017ರಿಂದ ಜನರಿಗೆ ನೋಡಲು ಬಿಟ್ಟರು. ಹೋಗಿ ಬನ್ನಿ, ಚೆನ್ನಾಗಿದೆ. ಆದರೆ ರಜೆಯ ಭಾನುವಾರ ಬೇಡ. ಬುಧವಾರ ಸಾಮಾನ್ಯವಾಗಿ ಬಾಗಿಲು ಹಾಕಿರುತ್ತದೆ, ಅದೂ ನೆನಪಿರಲಿ.

ಗೋರಾಯಿಯ ವಾಟರ್ ಪಾರ್ಕ್? ಜಾರುಬಂಡೆ, ಅಲೆ ಬರುವ ಕೊಳ ಬೇಕು ಅಂದರೆ ಹೋಗಿ. ಮಾರ್ವೆಯಿಂದಲೋ ಗೋರಾಯಿ ಜೆಟ್ಟಿಯಿಂದಲೋ ದೋಣಿ ಹತ್ತಬೇಕು, ಮಕ್ಕಳಿಗೆ ಆ ದೋಣಿಯೇ ಅರ್ಧ ಖುಷಿ. ಹತ್ತಿ ಬಟ್ಟೆಯಲ್ಲಿ ನೀರಿಗೆ ಬಿಡುವುದಿಲ್ಲ, ನೈಲಾನ್ ಬಟ್ಟೆ ಮನೆಯಿಂದಲೇ ಒಯ್ಯಿರಿ, ಬಾಡಿಗೆ ಉಳಿಯುತ್ತದೆ. ಇಷ್ಟು ಸಾಕು ಅದರ ಬಗ್ಗೆ, ಯಾಕೆಂದರೆ ಅಲ್ಲಿ ನೀರಿದೆ, ಸಮುದ್ರ ಇಲ್ಲ.

ನಾನು ಹೇಳಲು ಬಂದಿದ್ದು ಬೇರೆ. ಮುಂಬೈಯ ಅಸಲಿ ಸಮುದ್ರ ಪಾರ್ಕ್‌ಗೆ ಟಿಕೆಟ್ ಇಲ್ಲ, ಕ್ಯೂ ಇಲ್ಲ, ಆದರೆ ಟೈಮ್ ಇದೆ. ನೀರು ಇಳಿದಾಗ ಮಾತ್ರ ಅದು ತೆರೆಯುತ್ತದೆ. ಎಲ್ಲರೂ ಜುಹೂಗೆ ಸಂಜೆ ಹೋಗುತ್ತಾರೆ, ಭೇಲ್ ತಿನ್ನುತ್ತಾರೆ, ಒಂದು ಅಲೆಗೆ ಕಾಲು ಒಡ್ಡಿ ವಾಪಸ್ ಬರುತ್ತಾರೆ. ಬೆಳಿಗ್ಗೆ ಇಳಿತದ ಹೊತ್ತಿಗೆ ಅದೇ ಜಾಗಕ್ಕೆ ಹೋಗಿ ನೋಡಿ, ಬೇರೆಯೇ ಲೋಕ.

ಟೈಮ್ ನೋಡಲು ಮೊಬೈಲ್‌ನಲ್ಲಿ ಉಬ್ಬರ ಇಳಿತದ ಪಟ್ಟಿ ಸಿಗುತ್ತದೆ. ಆದರೆ ಕೊಂಕಣದ ಹಳಬರ ಲೆಕ್ಕ ಅದಕ್ಕಿಂತ ಮಜಾ. ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿ, ಅದೇ ಉಬ್ಬರ ತುಂಬುವ ಗಂಟೆ. ಹುಣ್ಣಿಮೆ ಅಂದರೆ ಹದಿನೈದು. ಅದರ ಮುಕ್ಕಾಲು ಹನ್ನೊಂದೂಕಾಲು. ಅವತ್ತು ಹನ್ನೊಂದೂಕಾಲರ ಆಸುಪಾಸು ನೀರು ತುಂಬಿರುತ್ತದೆ. ಅದಕ್ಕಿಂತ ಸುಮಾರು ಆರು ಗಂಟೆ ಮೊದಲು ಪೂರ್ತಿ ಇಳಿದಿರುತ್ತದೆ, ಅಂದರೆ ಬೆಳಿಗ್ಗೆ ಐದು ಗಂಟೆಗೆ, ಡಿಸೆಂಬರ್‌ನ ಕತ್ತಲಲ್ಲಿ. ಅದು ನಮಗೆ ಉಪಯೋಗ ಇಲ್ಲ. ತದಿಗೆ ಹಿಡಿಯಿರಿ. ಮೂರರ ಮುಕ್ಕಾಲು ಎರಡೂಕಾಲು, ಮಧ್ಯಾಹ್ನ ಉಬ್ಬರ, ಬೆಳಿಗ್ಗೆ ಎಂಟರ ಹೊತ್ತಿಗೆ ಇಳಿತ. ಮಕ್ಕಳು ಎದ್ದು, ಹಾಲು ಕುಡಿದು, ಲೋಕಲ್ ಹಿಡಿದು ಹೋಗಲು ಹೇಳಿ ಮಾಡಿಸಿದ ಸಮಯ. ಚಂದ್ರ ದಿನಾ ಸುಮಾರು 50 ನಿಮಿಷ ತಡವಾಗಿ ಬರುತ್ತಾನೆ, ನೀರೂ ಅವನ ಹಿಂದೆ ಹಿಂದೆ ತಡವಾಗುತ್ತಾ ಹೋಗುತ್ತದೆ, ಅದೇ ಈ ಲೆಕ್ಕದ ಗುಟ್ಟು.

ನಮ್ಮ ಮಾವನವರಿಗೆ ಮೊದಲು ಈ ಯೋಜನೆ ಇಷ್ಟ ಇರಲಿಲ್ಲ. "ಅಮಾವಾಸ್ಯೆ ಎಡಬಲದಲ್ಲಿ ಯಾರಾದ್ರೂ ಮಕ್ಕಳನ್ನ ಸಮುದ್ರಕ್ಕೆ ಕರ್ಕೊಂಡು ಹೋಗ್ತಾರೇನಮ್ಮ?" ಅಂದರು. ಈ ಮುಕ್ಕಾಲಿನ ಲೆಕ್ಕ ಹೇಳಿದ್ದೇ ತಡ, ಗೋಡೆಯ ಮೇಲಿದ್ದ ಕಾಲನಿರ್ಣಯ ಕ್ಯಾಲೆಂಡರ್ ಕೆಳಗೆ ಬಂತು, ಕನ್ನಡಕ ಬಂತು, ಪೆನ್ನು ಬಂತು. ಈಗ ಯಾವ ದಿನ ಹೋಗಬೇಕು ಅಂತ ಅವರೇ ಹೇಳುತ್ತಾರೆ.

ಬಾಂದ್ರಾದ ಕಾರ್ಟರ್ ರೋಡ್‌ಗೆ ಹೋದೆವು. ದಾವಣಗೆರೆಯ ಸಣ್ಣವನು ಬಂಡೆ, ಕೆಸರು, ದೂರದಲ್ಲೆಲ್ಲೋ ನೀರು ನೋಡಿ, "ದೊಡ್ಡಮ್ಮ, ಸಮುದ್ರ ಎಲ್ಲಿ ಹೋಯ್ತು?" ಅಂದ. ಸರಿಯಾದ ಪ್ರಶ್ನೆ. ಮಂಗಳೂರಿನ ಕಡೆ ಉಬ್ಬರಕ್ಕೂ ಇಳಿತಕ್ಕೂ ವ್ಯತ್ಯಾಸ ಒಂದೂವರೆ ಮೀಟರಿನೊಳಗೆ. ಇಲ್ಲಿ ದೊಡ್ಡ ಇಳಿತದ ದಿನ ಸುಮಾರು 4 ಮೀಟರ್. ಇನ್ನೂ ಉತ್ತರಕ್ಕೆ, ಖಂಬಾತ್ ಕೊಲ್ಲಿಯ ಕಡೆ ಹೋದರೆ ಇನ್ನೂ ಜಾಸ್ತಿ. ಅದಕ್ಕೇ ನಮ್ಮ ಕರಾವಳಿಯವರಿಗೂ ಮುಂಬೈಯ ಇಳಿತ ನೋಡಿದರೆ ಆಶ್ಚರ್ಯ.

ಏನೇನು ಕಾಣುತ್ತದೆ ಅಂತೀರಾ? ಬಂಡೆಗೆ ಕಾರ್ಪೆಟ್ ಹಾಸಿದ ಹಾಗೆ ಹಸಿರು, ಕಂದು ಬಣ್ಣ. ಅದೆಲ್ಲ ಪಾಚಿಯಲ್ಲ, ಬಗ್ಗಿ ನೋಡಿದರೆ ಕೆಲವು ಜೊವಾಂತಿಡ್ ಅನ್ನುವ ಪುಟ್ಟ ಪ್ರಾಣಿಗಳ ಗುಂಪು, ಹವಳದ ದಾಯಾದಿಗಳು. ಹವಳ ಅಂದಾಗ ನೆನಪಾಯಿತು, ಮುಂಬೈಯಲ್ಲೂ ಹವಳ ಇದೆ. ಕೋಸ್ಟಲ್ ರೋಡ್ ಕಟ್ಟುವಾಗ ಹಾಜಿ ಅಲಿ, ವರ್ಳಿ ಕಡೆ ಸಿಕ್ಕ ಹವಳಗಳನ್ನು 2020ರಲ್ಲಿ ಬೇರೆ ಜಾಗಕ್ಕೆ ಸಾಗಿಸಿದ್ದರು. ಬಂಡೆಯ ಗುಂಡಿಗಳಲ್ಲಿ ನಿಂತ ನೀರಲ್ಲಿ ಕಡಲ ಹೂವು ಅನ್ನುವ, ಹೂವಿನ ಹಾಗೆ ಕಾಣುವ ಪ್ರಾಣಿ, ಶಂಖದೊಳಗೆ ಮನೆ ಮಾಡಿದ ಹರ್ಮಿಟ್ ಏಡಿ, ಅದೃಷ್ಟ ಇದ್ದರೆ ಆಕ್ಟೋಪಸ್. ಕೆಸರಿನ ಕಡೆ ಮಡ್‌ಸ್ಕಿಪ್ಪರ್, ಅಂದರೆ ನೀರಿಂದ ಹೊರಗೆ ಬಂದು ತೆವಳುವ, ಒದ್ದೆ ಚರ್ಮದಿಂದಲೂ ಉಸಿರಾಡುವ ಮೀನು. ಮಕ್ಕಳು ಅದರ ಮುಂದೆ ಕೂತವರು ಏಳಲೇ ಇಲ್ಲ. ಮೀನು ಜಿಗಿಯಿತು, ಇವರು ಕಿರುಚಿದರು, ಮೀನು ಓಡಿತು, ಮತ್ತೆ ಕಾದರು. ಮರಳಿರುವ ಜುಹೂ ಕಡೆ ಹೋದರೆ, ಪುಟಾಣಿ ಏಡಿಗಳು ಮರಳಿಂದ ತಿನ್ನುವುದನ್ನು ತಿಂದು ಉಳಿದದ್ದನ್ನು ಉಂಡೆ ಕಟ್ಟಿ ಎಸೆದಿರುವುದು ಕಾಣುತ್ತದೆ, ನೂರಾರು ಉಂಡೆ.

ಜಾಗ ಚೊಕ್ಕಟ ಅಂತ ನಾನು ಸುಳ್ಳು ಹೇಳುವುದಿಲ್ಲ. ಪ್ಲಾಸ್ಟಿಕ್ ಇದೆ, ವಾಸನೆ ಇದೆ. ಬೆರಳು ಮುಚ್ಚುವ, ಜಾರದ ಶೂ ಹಾಕಿಸಿ, ಕೈಕಾಲು ತೊಳೆಯಲು ಎರಡು ಬಾಟಲಿ ನೀರು ಬೇರೆ ಇಟ್ಟುಕೊಳ್ಳಿ. ಯಾವುದನ್ನೂ ಕೈಯಲ್ಲಿ ಎತ್ತಬೇಡಿ. ಕೋನ್ ಶಂಖ ನೋಡಲು ಚಂದ, ಆದರೆ ಅದರೊಳಗಿನ ಹುಳು ವಿಷ ಚುಚ್ಚುತ್ತದೆ. ಕಲ್ಲು ಮಗುಚಿದರೆ ಮೊದಲಿದ್ದ ಹಾಗೇ ಇಡಿ, ಇಲ್ಲದಿದ್ದರೆ ಅಡಿಯಲ್ಲಿದ್ದದ್ದು ಬಿಸಿಲಿಗೆ ಒಣಗುತ್ತದೆ. ಆಳವಿಲ್ಲದ ನೀರಲ್ಲಿ ಕಾಲು ಎತ್ತಿ ಹಾಕದೆ ಎಳೆದುಕೊಂಡು ನಡೆಯಿರಿ. 2013ರ ಗಣಪತಿ ವಿಸರ್ಜನೆಯಲ್ಲಿ ಗಿರ್ಗಾಂವ್ ಚೌಪಾಟಿಯಲ್ಲಿ ಎಷ್ಟೋ ಜನರಿಗೆ ಸ್ಟಿಂಗ್‌ರೇ ಮೀನು ಚುಚ್ಚಿತ್ತು, ಮರಳಲ್ಲಿ ಹುದುಗಿರುವ ಅದನ್ನು ತುಳಿದರೆ ಹಾಗಾಗುತ್ತದೆ. ಇಳಿತದ ಹೊತ್ತಿಗೆ ಒಂದು ಗಂಟೆ ಮೊದಲೇ ಹೋಗಿ, ನೀರು ತಿರುಗಿತು ಅನ್ನುವಾಗ ದಡಕ್ಕೆ ಬನ್ನಿ. ಮಳೆಗಾಲದಲ್ಲಿ ಈ ಸಾಹಸವೇ ಬೇಡ. ಗೊತ್ತಿರುವವರ ಜೊತೆ ಹೋಗಬೇಕು ಅನ್ನಿಸಿದರೆ, ಮರೈನ್ ಲೈಫ್ ಆಫ್ ಮುಂಬೈ ಅನ್ನುವ ಗುಂಪು 2017ರಿಂದ ದಡದ ನಡಿಗೆಗಳನ್ನು ಮಾಡಿಸುತ್ತಿದೆ.

ಇಳಿತ ಸಿಗದ ದಿನ ಉಬ್ಬರ ಇದ್ದೇ ಇರುತ್ತದಲ್ಲ, ಅವತ್ತು ಐರೋಲಿಗೆ ಹೋಗಿ. ಠಾಣೆ ಖಾಡಿಯಲ್ಲಿ, ಅಂದರೆ ಸಮುದ್ರದ ನೀರು ಒಳಗೆ ಬರುವ ಹಿನ್ನೀರಿನಲ್ಲಿ, ಫ್ಲೆಮಿಂಗೋ ಹಕ್ಕಿ ತೋರಿಸುವ ದೋಣಿ ನೀರು ತುಂಬಿದಾಗಲೇ ಹೊರಡುವುದು. ಆ ಖಾಡಿ 2015ರಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ರಜೆಯಲ್ಲಿ ದೋಣಿಗೆ ಮೊದಲೇ ಬುಕ್ ಮಾಡಿ.

ಡಾಲ್ಫಿನ್ ವಿಷಯಕ್ಕೆ ಬಂದರೆ, ಮುಂಬೈ ಕಡಲಲ್ಲೂ ಹಂಪ್‌ಬ್ಯಾಕ್ ಡಾಲ್ಫಿನ್ ಇವೆ. ಕಾಣುತ್ತವೆ ಅಂತ ಮಕ್ಕಳಿಗೆ ಮಾತು ಮಾತ್ರ ಕೊಡಬೇಡಿ, ಅವಕ್ಕೆ ನಮ್ಮ ಶೋ ಟೈಮ್ ಗೊತ್ತಿಲ್ಲ.

ಇನ್ನೊಂದು ಮಾತು. ತದಿಗೆ ಭಾನುವಾರ ಬಿದ್ದರೆ ತಿಥಿ ನೋಡಿದ ಮೇಲೆ ಮೆಗಾಬ್ಲಾಕ್, ಅಂದರೆ ರಿಪೇರಿಗಾಗಿ ಲೋಕಲ್ ರೈಲು ನಿಲ್ಲಿಸುವುದು, ಯಾವ ಲೈನಲ್ಲಿ ಅಂತಲೂ ನೋಡಿಕೊಂಡು ಹೊರಡಿ. ನೀರು ಯಾರಿಗೂ ಕಾಯುವುದಿಲ್ಲ, ಲೋಕಲ್ ನಮ್ಮನ್ನು ಎಷ್ಟು ಹೊತ್ತು ಬೇಕಾದರೂ ಕಾಯಿಸುತ್ತದೆ. ನಮಸ್ಕಾರ.