ಹದಿನೆಂಟಕ್ಕೆ ಹದಿನೆಂಟು: ಟ್ರಿನಿಡಾಡಿನ ಸ್ಪೀಕರಿಲ್ಲದ ಸಂಸತ್ತು

ಕೇಳುಗರಿಗೆ ನಮಸ್ಕಾರ.

ಕೆರಿಬಿಯನ್ನಿನ ಟ್ರಿನಿಡಾಡ್ ಮತ್ತು ಟೊಬೇಗೊ ಬ್ರಿಟಿಷರಿಂದ ಸ್ವತಂತ್ರವಾದದ್ದು 1962ರ ಆಗಸ್ಟ್ 31ರಂದು, ಗಣರಾಜ್ಯವಾದದ್ದು 1976ರಲ್ಲಿ. ಮೊದಲ ಪ್ರಧಾನಿ ಎರಿಕ್ ವಿಲಿಯಮ್ಸ್ ಕಟ್ಟಿದ ಪಿಎನ್‌ಎಂ (ಪೀಪಲ್ಸ್ ನ್ಯಾಷನಲ್ ಮೂವ್‌ಮೆಂಟ್) ಪಕ್ಷ 1956ರಿಂದ ಮೂವತ್ತು ವರ್ಷ ಅಧಿಕಾರ ಬಿಡಲಿಲ್ಲ. ಒಂದೇ ಪಕ್ಷ ಗೆಲ್ಲುತ್ತಿದ್ದಾಗ ಕೆಳಮನೆಯಲ್ಲಿ 36 ಸ್ಥಾನ, ಅಂದರೆ ಸಮಸಂಖ್ಯೆ, ಇದ್ದದ್ದು ಯಾರಿಗೂ ತೊಡಕೆನಿಸಲಿಲ್ಲ.

1995ರಲ್ಲಿ ಪಿಎನ್‌ಎಂಗೆ 17, ಬಾಸ್ದೇವ್ ಪಾಂಡೆಯವರ ಪಕ್ಷ ಯುಎನ್‌ಸಿಗೂ (ಯುನೈಟೆಡ್ ನ್ಯಾಷನಲ್ ಕಾಂಗ್ರೆಸ್) 17 ಬಂತು. ಉಳಿದೆರಡು ಟೊಬೇಗೊ ದ್ವೀಪದವು, ಎ.ಎನ್.ಆರ್. ರಾಬಿನ್ಸನ್ ಅವರ ಪಕ್ಷದ ಪಾಲಿನವು. ರಾಬಿನ್ಸನ್ ಪಾಂಡೆಯವರಿಗೆ ಬೆಂಬಲ ಕೊಟ್ಟರು. ಭಾರತೀಯ ಮೂಲದವರೊಬ್ಬರು ಅಲ್ಲಿ ಮೊದಲ ಸಲ ಪ್ರಧಾನಿಯಾದರು. 1997ರಲ್ಲಿ ರಾಬಿನ್ಸನ್ ರಾಷ್ಟ್ರಪತಿಯಾದರು.

2001ರಲ್ಲಿ ಪಾಂಡೆಯವರ ಪಕ್ಷದ ಮೂವರು ಸದಸ್ಯರು ಬಂಡೆದ್ದರು. ಬಹುಮತ ಹೋಯಿತು, ಡಿಸೆಂಬರ್ 10ಕ್ಕೆ ಚುನಾವಣೆ ಬಂತು. ಫಲಿತಾಂಶ 18-18. ಮೂರನೆಯವರೇ ಇಲ್ಲ!

ಬಹುಮತದ ನಾಯಕ ಯಾರೆಂಬುದು ಸ್ಪಷ್ಟವಿಲ್ಲದಿದ್ದರೆ, ಬಹುಮತದ ಬೆಂಬಲ ಯಾರಿಗೆ ಸಿಗಬಹುದೆಂದು ರಾಷ್ಟ್ರಪತಿಗೆ ತೋರುತ್ತದೋ ಅವರನ್ನು ನೇಮಿಸಬೇಕು ಎನ್ನುತ್ತದೆ ಅಲ್ಲಿನ ಸಂವಿಧಾನ. ಒಟ್ಟು ಮತಗಳಲ್ಲಿ ಪಾಂಡೆ ಸ್ವಲ್ಪ ಮುಂದಿದ್ದರು, ಕುರ್ಚಿಯಲ್ಲೂ ಅವರೇ ಇದ್ದರು. ಆದರೂ ಡಿಸೆಂಬರ್ 24ರಂದು ರಾಬಿನ್ಸನ್ ನೇಮಿಸಿದ್ದು ಪಿಎನ್‌ಎಂನ ಪ್ಯಾಟ್ರಿಕ್ ಮ್ಯಾನಿಂಗ್ ಅವರನ್ನು. ಕೊಟ್ಟ ಕಾರಣ: ಸಂವಿಧಾನದ ಪೀಠಿಕೆಯಲ್ಲಿರುವ ನೈತಿಕ, ಆಧ್ಯಾತ್ಮಿಕ ಮೌಲ್ಯಗಳು. ತಲೆ ಎಣಿಸಬೇಕಾದ ಕಡೆ ಮೌಲ್ಯ ತೂಗಿದ್ದು ದುರ್ಬಲ ವಾದವೇ ಸರಿ.

ನಿಜವಾದ ಗಂಟು ಬಿದ್ದದ್ದು 2002ರ ಏಪ್ರಿಲ್‌ನಲ್ಲಿ, ಸಂಸತ್ತು ಸೇರಿದಾಗ. ಸ್ಪೀಕರ್ ಆಯ್ಕೆಯಾಗದೆ ಸದನ ಬೇರೆ ಯಾವ ಕಲಾಪವನ್ನೂ ನಡೆಸುವಂತಿಲ್ಲ. ತನ್ನ ಸದಸ್ಯನನ್ನೇ ಆ ಪೀಠಕ್ಕೆ ಕಳಿಸಿದ ಪಕ್ಷ ಮತದಾನದಲ್ಲಿ 17ಕ್ಕೆ ಇಳಿಯುತ್ತದೆ. ಹೊರಗಿನವರನ್ನು ಸ್ಪೀಕರ್ ಮಾಡಲು ಅವಕಾಶವಿದೆ, ಆದರೆ ಅದಕ್ಕೂ ಬಹುಮತ ಬೇಕಲ್ಲ! ಆಯ್ಕೆ ನಡೆಸುವವರು ಸದನದ ಕ್ಲರ್ಕ್; ಸಮಬಲ ಮುರಿಯುವ ನಿರ್ಣಾಯಕ ಮತ ಅವರಿಗಿಲ್ಲ. ಆಡಳಿತ ಪಕ್ಷ ಹೆಸರು ಸೂಚಿಸಿದಂತೆಲ್ಲ 18-18 ಆಗಿ ಬಿತ್ತು. ಯುಎನ್‌ಸಿಗೆ ಬೇಕಿದ್ದುದೂ ಅದೇ, ಮರುಚುನಾವಣೆ. ಆಗಸ್ಟ್ 28ರಂದು ಮತ್ತೊಮ್ಮೆ ಯತ್ನಿಸಿ ಸೋತ ಮೇಲೆ ಸಂಸತ್ತು ವಿಸರ್ಜನೆಯಾಯಿತು. ಅಷ್ಟು ತಿಂಗಳು ಒಂದು ಮಸೂದೆಯೂ ಸದನ ದಾಟಲಿಲ್ಲ. ಹೊಸ ಬಜೆಟ್ಟಿಗೂ ದಾರಿಯಿರಲಿಲ್ಲ. ಅಕ್ಟೋಬರ್ 7ರ ಚುನಾವಣೆಯಲ್ಲಿ ಪಿಎನ್‌ಎಂ 20-16ರಿಂದ ಗೆದ್ದಿತು.

2007ರ ಚುನಾವಣೆಗೆ ಸ್ಥಾನಗಳನ್ನು 41ಕ್ಕೆ ಏರಿಸಲಾಯಿತು. ಬೆಸಸಂಖ್ಯೆಯಿದ್ದರೆ ಎರಡೇ ಪಕ್ಷಗಳು ಸರಿಸಮ ನಿಲ್ಲಲಾರವು, ನಿಜ. ಆದರೆ ಟೊಬೇಗೊದ ಎರಡು ಸ್ಥಾನ ಮೂರನೆಯವರ ಕೈಗೆ ಹೋದರೆ 1995ರ ಲೆಕ್ಕಾಚಾರ ಮತ್ತೆ ಬರಬಹುದು. 2025ರ ಏಪ್ರಿಲ್‌ನಲ್ಲಿ ಅವೆರಡನ್ನೂ ಸ್ಥಳೀಯ ಪಕ್ಷವೊಂದು ಗೆದ್ದಿತು. ಯುಎನ್‌ಸಿಗೆ 26 ಸ್ಥಾನ ಬಂದಿದ್ದರಿಂದ ಅದರ ಬೆಂಬಲ ಕೇಳುವ ಪ್ರಸಂಗ ಬರಲಿಲ್ಲ.